ಟ್ರೇಲರು ಚಕ್ರದ ಬೇರಿಂಗುಗಳು: ಅವುಗಳ ರಕ್ಷಣೆ ಮತ್ತು ಬದಲಾವಣೆ

ಮರದ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಹಾಕದೆ ಸಂತೆಗೆ ಗಾಡಿ ಕಟ್ಟುವ ರೈತನು ಅಪರೂಪ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಕಡಾಣಿಯನ್ನು ತೆಗೆದು, ಚಕ್ರವನ್ನು ಸರಿಸಿ, ಅಚ್ಚಿಗೆ ಬಳಿಯುವುದು ಮನೆಯ ಹುಡುಗರಿಗೂ ತಿಳಿದಿದ್ದ ಕೆಲಸ. ಈಗ ಅದರ ಹಲವು ಪಟ್ಟು ಹೊರೆಯನ್ನು ಟ್ರಾಕ್ಟರಿನ ಟ್ರೇಲರು ಹೊರುತ್ತಿದೆ. ಆದರೆ ಅದರ ಗುಂಬವು ಲೋಹದ ಮುಚ್ಚಳದೊಳಗೆ ಮರೆಯಾಗಿರುವುದರಿಂದ, ಅದಕ್ಕೂ ಕೀಲೆಣ್ಣೆ ಬೇಕೆಂಬುದನ್ನು ಅನೇಕರು ಮರೆತಿರುವರು. ಕಬ್ಬು ತುಂಬಿದ ಟ್ರೇಲರಿನ ಚಕ್ರವು ರಸ್ತೆಯಲ್ಲಿ ಕಳಚಿದರೆ ನಷ್ಟವು ಮಾಲೀಕನೊಬ್ಬನದೇ ಅಲ್ಲ. ಎದುರಿಗೆ ಬರುವ ದಾರಿಹೋಕನ ಪ್ರಾಣಕ್ಕೂ ಅಪಾಯವುಂಟು.

ರಚನೆ:— ಚಕ್ರದ ಗುಂಬಕ್ಕೂ ಅಚ್ಚಿಗೂ ನಡುವೆ ಎರಡು ಬೇರಿಂಗುಗಳಿರುವುವು. ಒಳಗಡೆಯದು ದೊಡ್ಡದು, ಹೊರಗಡೆಯದು ಚಿಕ್ಕದು. ಪ್ರತಿಯೊಂದರಲ್ಲಿಯೂ ಗುಂಬದಲ್ಲಿ ಕೂರುವ ಹೊರ ಬಳೆ, ಅಚ್ಚಿನ ಮೇಲೆ ಕೂರುವ ಒಳ ಬಳೆ, ಇವೆರಡರ ನಡುವೆ ತಗಡಿನ ಪಂಜರದಲ್ಲಿ ಉಕ್ಕಿನ ಉರುಳೆಗಳು ಇರುತ್ತವೆ. ಈ ಉರುಳೆಗಳು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣ. ಹೀಗಿರುವುದರಿಂದಲೇ ಅವು ಮೇಲಿನ ಭಾರವನ್ನೂ, ತಿರುವಿನಲ್ಲಿ ಪಕ್ಕಕ್ಕೆ ಬೀಳುವ ಒತ್ತನ್ನೂ ಏಕಕಾಲದಲ್ಲಿ ತಡೆಯಬಲ್ಲವು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆ ಸಾರೋಟುಗಳನ್ನು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ ಎಂಬುವರು 1898ರಲ್ಲಿ ಇಂತಹ ಬೇರಿಂಗಿಗೆ ಹಕ್ಕುಪತ್ರ ಪಡೆದರು. ಮೋಟಾರಿಗೆ ಬಂದ ಈ ವಸ್ತು ಮೊದಲು ಹುಟ್ಟಿದ್ದು ಬಂಡಿಗಾಗಿಯೇ ಎಂಬುದು ಗಮನಾರ್ಹ.

ಕೆಡುವ ಕಾರಣಗಳು:— ನೀರು, ಧೂಳು, ಗ್ರೀಸಿನ ಅಭಾವ, ಮಿತಿಮೀರಿದ ಹೊರೆ, ನಟ್ಟಿನ ತಪ್ಪು ಬಿಗಿತ, ಇವೈದು ಮುಖ್ಯ. ಕೆರೆಯ ಗೋಡು ಹೊಡೆಯುವಾಗಲೂ ಕಾಲುವೆ ದಾಟುವಾಗಲೂ ಗುಂಬವು ನೀರಿನಲ್ಲಿ ಮುಳುಗಿದರೆ, ಸವೆದ ಸೀಲಿನ ಮೂಲಕ ನೀರು ಒಳಹೊಕ್ಕು ಗ್ರೀಸು ಕೆಡುವುದು. ಉರುಳೆಗಳು ತುಕ್ಕು ಹಿಡಿಯುವುವು.

ಲಕ್ಷಣಗಳು:— ಬೇರಿಂಗು ಸಾಮಾನ್ಯವಾಗಿ ಹೇಳದೆ ಕೆಡುವುದಿಲ್ಲ. ಖಾಲಿ ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಟ್ರಾಕ್ಟರಿನ ಬ್ರೇಕು ಹಾಕಿ, ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಒಂದು ಚಕ್ರವನ್ನು ಜಾಕಿಯಿಂದ ಎತ್ತಬೇಕು. ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಯನ್ನು ಕೊಡದೆ, ಜಾಕಿಯೊಂದನ್ನೇ ನಂಬಿ ಕೆಲಸ ಮಾಡಲಾಗದು. ಅನಂತರ ಟೈರನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಬೇಕು. ಚಕ್ರವು ಕಟಕಟನೆ ಆಡಿದರೆ ನಟ್ಟು ಸಡಿಲವಾಗಿದೆ, ಇಲ್ಲವೇ ಬೇರಿಂಗು ಸವೆದಿದೆ. ಕೈಯಿಂದ ತಿರುಗಿಸುವಾಗ ಹಿಟ್ಟಿನ ಕಲ್ಲಿನಂತೆ ಗರಗರ ಸದ್ದು ಬಂದರೆ ಬಿಚ್ಚಿ ನೋಡಲೇಬೇಕು. ಪ್ರಯಾಣದ ನಂತರ ಒಂದು ಗುಂಬ ಮಾತ್ರ ಇತರ ಗುಂಬಗಳಿಗಿಂತ ಹೆಚ್ಚು ಕಾದಿದ್ದರೆ ಅದೂ ಎಚ್ಚರಿಕೆಯೇ.

ಬದಲಾಯಿಸುವ ಕ್ರಮ:— ಚಕ್ರವನ್ನು ಕಳಚಿದ ಮೇಲೆ ಗುಂಬದ ಮುಚ್ಚಳ, ಸ್ಪ್ಲಿಟ್ ಪಿನ್ನು, ಕಿಂಡಿಗಳುಳ್ಳ ನಟ್ಟು, ವಾಷರು, ಹೊರಗಿನ ಬೇರಿಂಗು, ಈ ಕ್ರಮದಲ್ಲಿ ತೆಗೆದು ಗುಂಬವನ್ನು ಎಳೆಯಬೇಕು. ಬಿಚ್ಚಿದ್ದನ್ನು ಮಣ್ಣಿನ ಮೇಲಿಡದೆ ಶುಭ್ರವಾದ ಬಟ್ಟೆಯ ಮೇಲಿಡುವುದು. ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಒರೆಸಿ ನೋಡಿದರೆ ದೋಷವು ಕಣ್ಣಿಗೆ ಬೀಳುವುದು. ಉರುಳೆಯಲ್ಲಿ ಕುಳಿ, ತುಕ್ಕಿನ ಗುರುತು, ಕಾದು ನೀಲಿಯಾದ ಬಣ್ಣ, ಮುರಿದ ಪಂಜರ, ಇವುಗಳಲ್ಲಿ ಯಾವುದಿದ್ದರೂ ಆ ಬೇರಿಂಗು ಉಪಯೋಗಕ್ಕೆ ಬಾರದು.

ಇಲ್ಲಿ ಮಿತವ್ಯಯದ ಹೆಸರಿನಲ್ಲಿ ಎರಡು ತಪ್ಪುಗಳು ನಡೆಯುವುದುಂಟು. ಹಳೆಯ ಹೊರ ಬಳೆಯನ್ನು ಗುಂಬದಲ್ಲಿಯೇ ಬಿಟ್ಟು ಉರುಳೆಗಳ ಭಾಗವನ್ನು ಮಾತ್ರ ಹೊಸದು ಹಾಕುವುದು ಮೊದಲನೆಯದು. ಸವೆದ ಬಳೆಯ ಮೇಲೆ ಹೊಸ ಉರುಳೆಗಳು ಬೇಗನೆ ಹಾಳಾಗುವುವು. ಗುಂಬ ಸವೆದು ಬಳೆ ಸಡಿಲವಾದಾಗ, ಒಳಗೋಡೆಗೆ ಉಳಿಯಿಂದ ಚುಚ್ಚುಗಳನ್ನು ಹೊಡೆದು ಬಳೆಯನ್ನು ಕೂರಿಸುವುದು ಎರಡನೆಯದು. ಅದು ಕೆಲವು ದಿನದ ಮಾತು, ಗುಂಬವನ್ನೇ ಬದಲಾಯಿಸುವುದು ಲೇಸು. ಹೊಸ ಬೇರಿಂಗನ್ನು ಕೊಳ್ಳುವಾಗ ಹಳೆಯದರ ಅಂಚಿನ ಮೇಲೆ ಕೆತ್ತಿದ ಸಂಖ್ಯೆಯನ್ನು ಹೋಲಿಸಿ ನೋಡಬೇಕು.

ಹೊರ ಬಳೆಯನ್ನು ಹಿತ್ತಾಳೆಯ ಸರಳಿನಿಂದ ಎದುರುಬದಿರಿನ ಅಂಚುಗಳಲ್ಲಿ ಸರದಿಯಾಗಿ ತಟ್ಟುತ್ತಾ, ಓರೆಯಾಗದಂತೆ ತಳದವರೆಗೆ ಕೂರಿಸಬೇಕು. ಚಕ್ರದ ಬೇರಿಂಗಿಗೆ ಯೋಗ್ಯವಾದ ಗ್ರೀಸನ್ನು ಅಂಗೈಯಲ್ಲಿಟ್ಟು, ಬೇರಿಂಗಿನ ದಪ್ಪ ಅಂಚನ್ನು ಅದಕ್ಕೆ ಒತ್ತಿ, ಗ್ರೀಸು ಉರುಳೆಗಳ ನಡುವಿನಿಂದ ಮೇಲೆ ಬರುವವರೆಗೂ ತುಂಬಬೇಕು. ಮೇಲೆ ಮಾತ್ರ ಸವರಿದರೆ ಸಾಲದು. ಸೀಲನ್ನು ಪ್ರತಿಸಲವೂ ಹೊಸದಾಗಿಯೇ ಹಾಕತಕ್ಕದ್ದು.

ನಟ್ಟಿನ ಬಿಗಿತ:— ಇಡೀ ಕೆಲಸದ ಜೀವಾಳ ಇದೇ. ಗುಂಬವನ್ನು ಕೈಯಿಂದ ತಿರುಗಿಸುತ್ತಲೇ, ಅದು ಸ್ವಲ್ಪ ಭಾರವಾಗಿ ತಿರುಗುವವರೆಗೆ ನಟ್ಟನ್ನು ಬಿಗಿಮಾಡಿ, ಬಳಿಕ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಸಡಿಲಿಸಿ, ಹತ್ತಿರದ ಕಿಂಡಿಗೆ ಹೊಸ ಸ್ಪ್ಲಿಟ್ ಪಿನ್ನನ್ನು ಹಾಕಿ ತುದಿಗಳನ್ನು ಮಡಿಸಬೇಕು. ಬಿಗಿ ಹೆಚ್ಚಾದರೆ ಬೇರಿಂಗು ಕಾದು ಸುಡುವುದು. ಸಡಿಲವಾದರೆ ಹೊಡೆತ ತಿಂದು ಒಡೆಯುವುದು. ಹಳೆಯ ಪಿನ್ನನ್ನಾಗಲಿ, ಅದರ ಬದಲು ತಂತಿ ಮೊಳೆಗಳನ್ನಾಗಲಿ ಬಳಸಕೂಡದು. ಚಕ್ರವನ್ನು ಅಚ್ಚಿನಲ್ಲಿ ಉಳಿಸುವ ನಟ್ಟಿಗೆ ಆ ಪಿನ್ನೇ ಕಾವಲು. ಕೆಲವು ಮೈಲಿ ಓಡಿಸಿದ ನಂತರ ಗುಂಬದ ಕಾವನ್ನೂ ಚಕ್ರದ ಆಟವನ್ನೂ ಪುನಃ ಪರೀಕ್ಷಿಸುವುದು ಅಗತ್ಯ.

ಈಚಿನ ಮೋಟಾರು ಕಾರುಗಳಲ್ಲಿ ಸಾಮಾನ್ಯವಾಗಿ ಬೇರಿಂಗು ಸೀಲು ಮಾಡಿದ ಒಂದೇ ಘಟಕವಾಗಿರುವುದರಿಂದ, ಅದನ್ನು ಬಿಚ್ಚಿ ಗ್ರೀಸು ತುಂಬಲಾಗುವುದಿಲ್ಲ. ಸದ್ದು ಬಂದರೆ ಕಾರ್ಖಾನೆಯಲ್ಲಿ ಬದಲಾಯಿಸಿಕೊಳ್ಳುವುದೇ ಮಾರ್ಗ. ಟ್ರೇಲರಿನದು ಹಾಗಲ್ಲ, ಅದರ ಆಯುಸ್ಸು ಬಹುಮಟ್ಟಿಗೆ ಮಾಲೀಕನ ಕೈಯಲ್ಲಿದೆ. ಆದುದರಿಂದ ಕಬ್ಬು ಸಾಗಿಸುವ ಕಾಲಕ್ಕೆ ಮುಂಚೆ ಗ್ರಾಮದ ಮುಖಂಡರು ಒಂದು ದಿನವನ್ನು ಗೊತ್ತುಮಾಡಿ, ಊರಿನ ಟ್ರೇಲರುಗಳೆಲ್ಲವನ್ನೂ ಒಂದು ಕಡೆ ನಿಲ್ಲಿಸಿ ಪರೀಕ್ಷಿಸುವ ಏರ್ಪಾಡು ಮಾಡಿದರೆ, ಅರ್ಧ ದಿನದ ಶ್ರಮದಿಂದ ಊರಿಗೂ ದಾರಿಹೋಕರಿಗೂ ದೊಡ್ಡ ಉಪಕಾರವಾಗುವುದು.