ಲಕಿಲಿ ಅಂದಿದ್ದಕ್ಕೆ ಕೆಲಸ ಹೋಯ್ತು

ಹೋದ ವರ್ಷ ಬಳ್ಳಾರಿಯಲ್ಲಿ ನನ್ನ ಮೊದಲ ಸಂದರ್ಶನ. ಸಿರುಗುಪ್ಪದಿಂದ ಬೆಳಗಿನ ಬಸ್ ಹಿಡಿದು, ಭತ್ತದ ಗದ್ದೆಗಳನ್ನು ನೋಡುತ್ತಾ ದಾರಿಯುದ್ದಕ್ಕೂ ಇಂಗ್ಲಿಷ್ ಉರು ಹೊಡೆದಿದ್ದೆ. ನಮ್ಮ ಮನೆಯಲ್ಲಿ ಪದವಿ ಮುಗಿಸಿದವರಲ್ಲಿ ನಾನೇ ಮೊದಲು.

ನನ್ನ ಬಗ್ಗೆ ಹೇಳಲು ಹೇಳಿದರು. 'ಲಕಿಲಿ, ಐ ಗಾಟ್ ಫಸ್ಟ್ ಕ್ಲಾಸ್' ಎಂದೆ. ಎದುರಿಗಿದ್ದವರು ನಗುತ್ತಲೇ, 'ಹಾಗಾದ್ರೆ ಓದಿ ಪಾಸಾಗಲಿಲ್ವಾ?' ಎಂದರು. ಸುಗ್ಗಿಯಲ್ಲಿ ಹಗಲೆಲ್ಲ ಅಪ್ಪನ ಜೊತೆ ದುಡಿದು ರಾತ್ರಿ ಕೂತು ಓದಿದ್ದು ಒಂದೂ ಬಾಯಿಗೆ ಬರಲಿಲ್ಲ. ಕೆಲಸವೂ ಬರಲಿಲ್ಲ.

ಸಂಜೆ ಒಗ್ಗರಣೆ-ಮಿರ್ಚಿ ತಿನ್ನುತ್ತಾ ಕುರುಗೋಡಿನ ಗೆಳೆಯನ ಮುಂದೆ ಗೋಳು ತೋಡಿಕೊಂಡೆ. 'ಲೇ, ನಮ್ಮೂರ ದೊಡ್ಡಬಸವೇಶ್ವರನ ತೇರಿನ ದಿನ ಮಳಿ ಬರಲಿಲ್ಲ ಅಂದ್ರ ಅದಕ್ಕ ಲಕಿಲಿ ಅನ್ನು. ಒಂದೇ ಕಲ್ಲಿನ್ಯಾಗ ಅಷ್ಟು ದೊಡ್ಡ ಬಸವಣ್ಣನ್ನ ಕಡೆದವನಿಗೆ, ಲಕಿಲಿ ಕಡದಾನ ಅಂತೀಯೇನು?' ಎಂದ. ಯಾವ ವ್ಯಾಕರಣ ಪುಸ್ತಕವೂ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಆಮೇಲೆ ನಿಘಂಟು ತೆಗೆದು ಕೂತೆ. 'ಲಕಿಲಿ' ಕ್ರಿಯಾವಿಶೇಷಣವಾದರೂ ಸಾಮಾನ್ಯವಾಗಿ ಕ್ರಿಯೆ ಹೇಗೆ ನಡೆಯಿತು ಎಂದು ಹೇಳುವುದಿಲ್ಲ. ಇಡೀ ವಾಕ್ಯದ ಬಗ್ಗೆ ಮಾತಾಡುವವರ ಅಭಿಪ್ರಾಯ ಹೇಳುತ್ತದೆ. ಅದಕ್ಕೇ ಹೆಚ್ಚಾಗಿ ವಾಕ್ಯದ ಮೊದಲಿಗೆ ಬಂದು ಅಲ್ಪವಿರಾಮ ಹಾಕಿಸಿಕೊಳ್ಳುತ್ತದೆ. 'ಫಾರ್ಚುನೇಟ್ಲಿ' ಅದರದೇ ಅರ್ಥದ್ದು, ಸ್ವಲ್ಪ ಗಂಭೀರ. ಅರ್ಜಿ, ಇಮೇಲ್‌ಗಳಿಗೆ ಹೊಂದುತ್ತದೆ. ಅದರ ಮೂಲದಲ್ಲಿರುವವಳು ರೋಮನ್ನರ ಅದೃಷ್ಟದೇವತೆ ಫಾರ್ಚುನಾ. ಇನ್ನು, ಮುಂದೆ ಆಗಲಿ ಎಂದು ಬಯಸುವುದಕ್ಕೆ ಇವೆರಡೂ ಅಲ್ಲ, 'ಹೋಪ್‌ಫುಲಿ' ಬೇಕು. 'ಲಕಿಲಿ ನನಗೆ ಕೆಲಸ ಸಿಗಲಿ' ಎನ್ನುವ ಧಾಟಿಯಲ್ಲಿ ನಮ್ಮಲ್ಲಿ ಎಷ್ಟು ಜನ ಬರೆಯುತ್ತಾರೋ! ನಾನೂ ಬರೆದಿದ್ದೇನೆ.

ಆದರೆ ನನ್ನ ಬಾಯಿಗೆ ಆ ಪದ ಬಂದದ್ದು ಎಲ್ಲಿಂದ? ನಮ್ಮ ಅವ್ವನಿಂದ. ಫಲಿತಾಂಶ ಬಂದ ದಿನ ಅವ್ವ ಓಣಿಗೆಲ್ಲ 'ಪುಣ್ಯಕ್ಕ ನನ್ನ ಮಗ ಪಾಸಾದ' ಎಂದು ಹೇಳಿಕೊಂಡು ಬಂದಿದ್ದಳು. ನಾನು ಅದನ್ನೇ ಇಂಗ್ಲಿಷಿಗೆ ತಿರುಗಿಸಿದೆ, ವಿನಯ ಅಂದುಕೊಂಡು. ಪುಣ್ಯ ಅಂದರೆ ಯಾರೋ ದುಡಿದು ಗಳಿಸಿದ್ದು. ಅವ್ವನ ಮಾತಿನಲ್ಲಿ ನನ್ನ ಓದೂ ಇತ್ತು, ಅವಳು ಅಡವಿಟ್ಟ ಓಲೆಯೂ ಇತ್ತು. ಅದೃಷ್ಟ ಎಂಬ ಪದಕ್ಕೂ ಕಣ್ಣಿಗೆ ಕಾಣದ್ದು ಎಂದೇ ಅರ್ಥ. 'ಲಕಿಲಿ'ಯೊಳಗೆ ಇದ್ಯಾವುದೂ ಇಲ್ಲ. ಅದು ತಾನಾಗಿ ಒದಗಿಬಂದದ್ದು ಅಷ್ಟೆ.

ಕಳೆದ ತಿಂಗಳು ಇನ್ನೊಂದು ಸಂದರ್ಶನಕ್ಕೆ ಹೋದೆ. ಮಳೆ, ಬಸ್ ತಡ. 'ಲಕಿಲಿ, ಎ ಲಾರಿ ಡ್ರೈವರ್ ಗೇವ್ ಮಿ ಎ ಲಿಫ್ಟ್' ಎಂದೆ, ನಕ್ಕರು. ಅಂಕಗಳ ಬಗ್ಗೆ ಕೇಳಿದಾಗ 'ಐ ವರ್ಕ್ಡ್ ಫಾರ್ ಇಟ್' ಎಂದಷ್ಟೇ ಹೇಳಿದೆ. ಹೇಳುವಾಗ ಯಾಕೋ ನಾಚಿಕೆಯಾಯಿತು.

ಪತ್ರ ಇನ್ನೂ ಬಂದಿಲ್ಲ. ಸದ್ಯಕ್ಕೆ ಹೋಪ್‌ಫುಲಿ.