ಬಯಲುಸೀಮೆ ಕಾಲು, ಮಲೆನಾಡ ಓಟ

ಕೊಂಡ್ಲಹಳ್ಳಿ ಬಯಲಲ್ಲಿ ಓಡಿದ ಕಾಲು
ಚಿಕ್ಕಮಗಳೂರಿನ ಬೆಟ್ಟ ತಡಕೊಳ್ತಾವಾ?

ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್.
ಅದನ್ನೂ ಮೀರಿದ್ರೆ ಅಲ್ಟ್ರಾ.
ಕಾಫಿ ತೋಟಗಳ ನಡುವೆ ನಡೆಯೋ ಮಲ್ನಾಡ್ ಅಲ್ಟ್ರಾದಲ್ಲಿ
50 ಕಿಲೋಮೀಟರ್ ಇದೆ, 100 ಕೂಡ ಇದೆ!

ಬಿಸಿಲು ನಮಗೆ ಹೊಸದಲ್ಲ.
ಏರು-ಇಳಿಜಾರು?

ದೂರ ಹೋಗ್ಬೇಡಿ.
ನಮ್ಮ ಮೊಳಕಾಲ್ಮುರು ತಾಲ್ಲೂಕಲ್ಲೇ ಜಟಿಂಗ ರಾಮೇಶ್ವರ ಬೆಟ್ಟ ಇದೆ.
ಅಶೋಕನ ಶಾಸನ ಇರೋ ಬೆಟ್ಟ ಕಣ್ರೀ!
ಭಾನುವಾರ ಬೆಳಗ್ಗೆ ಮೆಟ್ಟಿಲು ಹತ್ತಿ.
ಅದಕ್ಕಿಂತ ಮುಖ್ಯ, ಇಳೀರಿ.

ಹೇರು ತುಂಬಿದ ಗಾಡಿ
ಇಳಿಜಾರಲ್ಲಿ ಎತ್ತಿನ ಹೆಗಲ ಮೇಲೆ ನುಗ್ಗತ್ತಲ್ಲ?
ಹಾಗೇ, ಇಳಿಯುವಾಗ ಮೈಭಾರವೆಲ್ಲ ತೊಡೆ ಮೇಲೆ.
ಆ ಸ್ನಾಯು ಹಿಗ್ಗುತ್ತಾನೇ ಬ್ರೇಕ್ ಹಾಕ್ಬೇಕು.
ರೂಢಿ ಇಲ್ದಿದ್ರೆ,
ಮರುದಿನ ಕೂತೋರು ಏಳಲ್ಲ!
ವಾರ ವಾರ ಇಳಿದು ಅಭ್ಯಾಸ ಮಾಡಿ,
ನೋವು ತಾನಾಗೇ ಕಮ್ಮಿ ಆಗತ್ತೆ.

ಇನ್ನು ನೀರು.
ಓಡ್ತಾ ಲೆಕ್ಕವಿಲ್ದೆ ಬರೀ ನೀರೇ ಕುಡಿದ್ರೆ
ರಕ್ತದಲ್ಲಿ ಉಪ್ಪಿನಂಶ ಇಳಿದುಬಿಡತ್ತೆ.
ಓಆರ್‌ಎಸ್ ಇಟ್ಕೊಳಿ.
ಜೇಬಲ್ಲಿ ಶೇಂಗಾ ಚಿಕ್ಕಿ ಇರಲಿ.
ನನ್ ಕೇಳಿದ್ರೆ, ದುಬಾರಿ ಎನರ್ಜಿ ಬಾರ್ ಇದರ ಮುಂದೆ ಸಪ್ಪೆ.

ಕೊನೇ ಎರಡು ವಾರ ಓಟ ಇಳಿಸಿ, ನಿದ್ದೆ ಏರಿಸಿ.
ಓಟದ ಹಿಂದಿನ ದಿನವೇ ಓಟ ನಡೆಯೋ ಊರು ಸೇರಿ.
ತಲೆಗೆ ಕಟ್ಟೋ ಟಾರ್ಚ್,
ಎರಡು ಜೊತೆ ಒಣ ಸಾಕ್ಸ್,
ಪಳಗಿದ ಹಳೇ ಶೂ.
ಹೊಸದನ್ನ ಮನೇಲೇ ಬಿಡಿ,
ಮದುವೆಗೆ ಹಾಕ್ಕೊಳಿ!