ಪಾವತಿ ಮೇಲಿನ ತಾರೀಖು ನೋಡ್ರಿ

ಮಳೆ ಕೈಕೊಟ್ಟ ವರ್ಷ ಜತ್ತ ತಾಲ್ಲೂಕಿನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಮುಂಗಡ ತೆಗೆದುಕೊಂಡು ಕಬ್ಬು ಕಡಿಯಲು ಹೋಗುತ್ತಾರೆ. ಮಕ್ಕಳ ಸಾಲಿ ಅಲ್ಲಿಗೇ ನಿಲ್ಲುತ್ತದೆ. "ಊರಾಗ ಕೆಲಸ ಇದ್ದಿದ್ರ ನಾವ್ಯಾಕ ಹೋಗ್ತಿದ್ವಿ?" ಮುಚ್ಚಂಡಿಯಲ್ಲಿ ಈ ಮಾತು ನೀವೂ ಕೇಳಿರುತ್ತೀರಿ. ನೀವೇ ಆಡಿರಲೂಬಹುದು.

ಊರಲ್ಲೇ ಕೆಲಸ ಕೊಡ್ರಿ ಎಂದು ಕೇಳುವುದು ಭಿಕ್ಷೆ ಅಲ್ಲ. ಅದು ಕಾನೂನು ಕೊಟ್ಟ ಹಕ್ಕು. ಈ ಹಕ್ಕಿನ ಬೇರು ದೂರದ ದಿಲ್ಲಿಯಲ್ಲಿಲ್ಲ, ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇದೆ. 1965ರಲ್ಲಿ ತಾಸಗಾಂವ ತಾಲ್ಲೂಕಿನ ವಿಸಾಪುರದ ಕಡೆ ಇದನ್ನು ಮೊದಲು ಮಾಡಿ ನೋಡಿದರು. ಮಾಡಿಸಿದವರು ವಿ. ಸ. ಪಾಗೆ. ಅವರು ಆಗ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. ಕೆಲಸ ಕೇಳಿದವರಿಗೆ ಸರ್ಕಾರ ಕೆಲಸ ಕೊಡಬೇಕು ಎಂಬುದು ಅವರ ವಿಚಾರ.

ಮುಂದೆ 1972ರ ದೊಡ್ಡ ಬರಗಾಲ ಬಂತು. ಮನೆಯ ಹಿರಿಯರನ್ನು ಕೇಳ್ರಿ. ಕಲ್ಲು ಒಡೆದದ್ದು, ಕೆರೆ ತೋಡಿದ್ದು, ಸುಕಡಿ ತಿಂದದ್ದು ಹೇಳುತ್ತಾರೆ. ಆಗ ಈ ಯೋಜನೆ ರಾಜ್ಯಕ್ಕೆಲ್ಲ ಹರಡಿತು. 1977ರಲ್ಲಿ ಕಾನೂನು ಆಯಿತು. 1979ರ ಜನವರಿ 26ರಿಂದ ಜಾರಿಗೆ ಬಂತು. ರೊಕ್ಕ ಎಲ್ಲಿಂದ ಬಂತು? ಪಟ್ಟಣದ ಪಗಾರದವರಿಂದ. ಅವರ ಮೇಲೆ ವೃತ್ತಿ ತೆರಿಗೆ ಹಾಕಿ, ಹಳ್ಳಿಯ ಕೂಲಿಗೆ ಕೊಟ್ಟರು.

2005ರಲ್ಲಿ ಇಡೀ ದೇಶಕ್ಕೆ ಇಂಥದೇ ಕಾನೂನು ಬಂತು. ಒಂದು ಮನೆಗೆ ವರ್ಷಕ್ಕೆ 100 ದಿನ ಕೆಲಸ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾನೂನು ಮಾಡಿತು. ಅದರಲ್ಲಿ 125 ದಿನ ಎಂದಿದೆ. ಆದರೆ ಬಿತ್ತನೆ, ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಬಹುದು ಎಂದೂ ಇದೆ. ಇದು ನಮ್ಮಂಥವರಿಗೆ ಎಷ್ಟು ಒಳ್ಳೆಯದೋ ನೋಡಬೇಕು.

ಎರಡು ಕಾನೂನಿನಲ್ಲೂ ಒಂದು ಮಾತು ಮಾತ್ರ ಬದಲಾಗಿಲ್ಲ. ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು.

ಆದರೆ 15 ದಿನ ಯಾವತ್ತಿನಿಂದ ಎಣಿಸುವುದು? ನೀವು ಬಾಯಿಮಾತಿನಲ್ಲಿ ಕೇಳಿದಿರಿ ಅನ್ನಿ. "ನಾಳಿ ಬಾ" ಅಂದರು. ಮುಂದಿನ ವಾರ ಹೋದರೆ "ನೀ ಯಾವಾಗ ಕೇಳಿದ್ದಿ?" ಅನ್ನುತ್ತಾರೆ. ನಿಮ್ಮ ಹತ್ತಿರ ಏನೂ ಇಲ್ಲ. ಅದಕ್ಕೇ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟ ಕೂಡಲೇ ಪೋಚ್ ಪಾವತಿ ಇಸ್ಕೊಳ್ರಿ. ಅರ್ಜಿಗೆ ನಮೂನೆ 4, ಪಾವತಿಗೆ ನಮೂನೆ 5 ಎನ್ನುತ್ತಾ ಬಂದಿದ್ದಾರೆ. ಹೊಸ ಕಾನೂನಿನಲ್ಲಿ ನಂಬರು ಬೇರೆ ಆದರೂ ಆಗಲಿ, ತಾರೀಖು ಬೇಕು. ಸಹಿ ಬೇಕು. ಭತ್ಯೆ ಸುಲಭವಾಗಿ ಕೈಗೆ ಬರುವುದಿಲ್ಲ, ಅದು ಖರೆ. ಪಾವತಿ ಇಲ್ಲದವರಿಗಂತೂ ಬರುವುದೇ ಇಲ್ಲ.

ಈ ಕಾಗದ ಮರಾಠಿಯಲ್ಲಿ ಇರುತ್ತದೆ. ನೀವು ಕಲಿತದ್ದು ಕನ್ನಡ. ಹೆದರಬ್ಯಾಡ್ರಿ. ಮರಾಠಿ ಅಂಕಿಗಳನ್ನು ಮೊದಲು ಗುರುತು ಮಾಡಿಕೊಳ್ಳಿರಿ. ಒಂಬತ್ತೇ ಅಂಕಿ. ಸೊನ್ನೆ ಹೇಗೂ ಒಂದೇ. ಅಷ್ಟಾದರೆ ತಾರೀಖು ನೀವೇ ಓದಬಹುದು. ಉಳಿದದ್ದನ್ನು ಓದಿಸಿ ಕೇಳದೆ ಸಹಿ ಮಾಡಬೇಡಿರಿ.

ತಕರಾರು ಬರೆಯಬೇಕೆ? ಕನ್ನಡದಲ್ಲೇ ಬರೆಯಿರಿ. ನಮ್ಮ ಸಂವಿಧಾನದ 350ನೇ ಕಲಮು ಹೀಗೆ ಹೇಳುತ್ತದೆ: ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಜನರು ತಮ್ಮ ದೂರನ್ನು ಅಧಿಕಾರಿಗೆ ಕೊಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು ಎಂದು ಅದರಲ್ಲಿಲ್ಲ. ಆದರೆ "ಕನ್ನಡದ ಅರ್ಜಿ ನಡೆಯೂದಿಲ್ಲ" ಎಂದು ನಿಮ್ಮನ್ನು ವಾಪಸು ಕಳಿಸುವ ಹಾಗಿಲ್ಲ.

ಅಷ್ಟಾದರೂ ಯಾರೂ ಕೇಳದಿದ್ದರೆ ವಕೀಲರ ಸಹಾಯ ಪುಕ್ಕಟೆ ಸಿಗುತ್ತದೆ. ಇದಕ್ಕೆ 1987ರ ಕಾನೂನು ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಈ ಸಹಾಯ ಉಂಟು. ಜತ್ತದ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳ್ರಿ. ಇಲ್ಲವೆ 15100 ನಂಬರಿಗೆ ಫೋನ್ ಮಾಡ್ರಿ.

ಈಗ ಪಾಟಿ ಬಿಡ್ರಿ, ಒಂದು ಹಾಳೆ ತಗೊಳ್ರಿ. ಇದನ್ನು ನೋಡಿ ಬರೆಯಿರಿ:

ತಹಶೀಲ್ದಾರ ಸಾಹೇಬರಿಗೆ, ಜತ್ತ.
ನಾನು ಮುಚ್ಚಂಡಿ ಊರಿನವಳು. ನಾನು ತಾರೀಖು ........ ರಂದು ಕೆಲಸ ಕೇಳಿ ಅರ್ಜಿ ಕೊಟ್ಟಿದ್ದೇನೆ. ಪಾವತಿ ನನ್ನ ಹತ್ತಿರ ಇದೆ. 15 ದಿನ ಮುಗಿದವು. ಕೆಲಸ ಸಿಕ್ಕಿಲ್ಲ. ಕೆಲಸ ಕೊಡಿರಿ. ಕೆಲಸ ಇಲ್ಲದ ದಿನಗಳ ಭತ್ಯೆಯನ್ನೂ ಕೊಡಿರಿ.

ಕೆಳಗೆ ನಿಮ್ಮ ಹೆಸರು ಬರೆಯಿರಿ. ಹೆಬ್ಬೆಟ್ಟು ಬೇಡ, ಸಹಿ ಮಾಡಿರಿ. ಈ ಅರ್ಜಿಗೂ ಪಾವತಿ ಕೇಳ್ರಿ.